ಜಡ್ಡ ಅಲ್ಲ, ಜಾಡ

ಲೇಜೀಮ್ ತಂಡದಿಂದ ರೇಣುವನ್ನು ತೆಗೆದುಹಾಕಿದರು. ಆಗಸ್ಟ್ ಹದಿನೈದರ ಕವಾಯತಿಗೆಂದು ಸಾಲಿನಲ್ಲಿ ನಿಂತಿದ್ದ ಹುಡುಗಿಯ ಕೈಯಿಂದ, ಕುಣಿಸಿದರೆ ಝಲ್ಲೆನ್ನುವ ಆ ಮರದ ಬಿಲ್ಲನ್ನು ಇಸಿದುಕೊಂಡು, ವರ್ಗದೊಳಗೆ ಒಬ್ಬಳನ್ನೇ ಕೂರಿಸಿದರು. ಆಕೆ ಆಗ ನಾಲ್ಕನೇ ಇಯತ್ತೆಯಲ್ಲಿದ್ದಳು.

ಸುದ್ದಿಯನ್ನು ಮನೆಗೆ ಮುಟ್ಟಿಸಲು ಶಾಲೆಯವರು ಫೋನು ಮಾಡಿದರು. ಎಡವಟ್ಟು ಶುರುವಾದದ್ದು ಅಲ್ಲಿಂದ.

ಪುಣೆಯ ಧನಕವಡಿಯ ಆ ಸೊಸೈಟಿಯಲ್ಲಿ, ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದರೂ, ಬಸವಪ್ರಭುವಿನ ಮನೆಗೆ ಇನ್ನೂ ಫೋನು ಬಂದಿರಲಿಲ್ಲ. ಕೆಳಗಿನ ಮನೆಯ ಈರಬಸಪ್ಪನವರ ನಂಬರೇ ಅವನ ನಂಬರು. ಈರಬಸಪ್ಪನವರು ಲಕ್ಷ್ಮೀ ರಸ್ತೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಸೊಸೈಟಿಯ ಚೇರಮನ್ನರು. ಅವರ ಹೆಂಡತಿ ಕುಸುಮ ಆ ಫೋನಿಗೆ ಜರಿ ಅಂಚಿನ ಬಟ್ಟೆ ಹೊದಿಸಿ, ಹೊಸ ಸೊಸೆಯನ್ನು ಕೂರಿಸಿದ ಹಾಗೆ ಮೂಲೆಯ ಸ್ಟೂಲಿನ ಮೇಲೆ ಕೂರಿಸಿದ್ದರು. ಅದು ಬಡಿದುಕೊಂಡರೆ ಇಡೀ ಸೊಸೈಟಿಗೆ ಕೇಳುತ್ತಿತ್ತು. ಅದರಲ್ಲಿ ಯಾರೇನು ಮಾತಾಡಿದರು ಅನ್ನುವುದು ಅದಕ್ಕಿಂತ ಚೆನ್ನಾಗಿ ಕೇಳುತ್ತಿತ್ತು.

ಅವತ್ತು ಬಸವಪ್ರಭು ಶಿವಾಜಿನಗರದ ವಿಮಾ ಕಚೇರಿಯಲ್ಲಿದ್ದ. ಹೆಂಡತಿ ನೀತಾ ತಂಗಿಯ ಬಾಣಂತನಕ್ಕೆಂದು ಶಿರೂರಿಗೆ ಹೋಗಿದ್ದಳು. ಮನೆಯಲ್ಲಿದ್ದವಳು ಅವನ ತಾಯಿ ಚನ್ನಬಸವ್ವ. ಸೊಸೆ ಬರುವ ತನಕ ಮೊಮ್ಮಗಳನ್ನು ನೋಡಿಕೊಳ್ಳಲು ಬೈಲಹೊಂಗಲದಿಂದ ಬಂದು ವಾರವಾಗಿರಲಿಲ್ಲ. ಆಕೆಗೆ ಬರುತ್ತಿದ್ದ ಮರಾಠಿ "ಹೋ" ಅನ್ನುವ ಒಂದೇ ಶಬ್ದ. ಹೌದು ಅನ್ನುವುದಕ್ಕೆ ಅಷ್ಟು ಸಾಕು ಅಂತ ಮಗ ಕಲಿಸಿದ್ದ.

ಕುಸುಮ ಕೂಗಿ ಕರೆದು ಫೋನು ಕೈಗೆ ಕೊಟ್ಟರು. ಅಷ್ಟರಲ್ಲಿ ಕುಕ್ಕರು ಸೀಟಿ ಹೊಡೆಯಿತೆಂದು ಒಳಗೆ ಓಡಿದರು. ಆ ಕಡೆಯಿಂದ ಗಟ್ಟಿ ದನಿಯೊಂದು ಹೇಳಿತು:

"ತುಮಚೀ ರೇಣು ಜಾಡ ಆಹೇ. ವಡಿಲಾಂನಾ ಲಗೇಚ ಪಾಠವಾ."

ನಿಮ್ಮ ರೇಣು ದಪ್ಪ ಇದ್ದಾಳೆ, ಅವಳ ತಂದೆಯನ್ನು ಕೂಡಲೇ ಕಳಿಸಿ ಎಂದು ಅದರ ಅರ್ಥ. ಮರಾಠಿಯಲ್ಲಿ ಜಾಡ ಎಂದರೆ ದಪ್ಪ. ಬೈಲಹೊಂಗಲದ ಕಿವಿಗೆ ಅದು ಜಡ್ಡ ಎಂದೇ ಬಿತ್ತು. ಜಡ್ಡ ಎಂದರೆ ಬೇನೆ, ಹಾಸಿಗೆ ಹಿಡಿಸುವಂಥದ್ದು.

"ಹೋ... ಹೋ..." ಎನ್ನುತ್ತ ಚನ್ನಬಸವ್ವ ಫೋನನ್ನು ಇಡಲು ಮರೆತು, ನೆಲಕ್ಕೆ ಕುಸಿದು ಕೂತಳು. "ಕುಸುಮಾ, ಲಗೂ ಬಾರವಾ! ಸಾಲ್ಯಾಗ ನಮ್ಮ ಕೂಸಿಗೆ ಜಡ್ಡ ಬಂದೈತಂತ! ಅವರಪ್ಪನ್ನ ಕಳಸ್ರಿ ಅನ್ನಾಕತ್ತಾರ!"

ಕುಸುಮ ಕಚೇರಿಗೆ ಫೋನು ತಿರುಗಿಸಿದರು. ಬಸವಪ್ರಭುವಿನ ಮೇಜಿಗೆ ಸುದ್ದಿ ಬರುವಷ್ಟರಲ್ಲಿ "ಜಡ್ಡ" ಹೋಗಿ "ಎಚ್ಚರ ತಪ್ಪಿದಾಳಂತ" ಆಗಿತ್ತು. ಪಕ್ಕದ ಮೇಜಿನ ಧರ್ಮಣ್ಣ ಬಾಯಲ್ಲಿದ್ದ ಪೆನ್ನು ತೆಗೆದು, "ಈಗ ಎಲ್ಲಾ ಕಡೆ ಕಾವೀಳ ಅದ ನೋಡ್ರಿ, ಕಾಮಾಲೆ. ಕಣ್ಣ ಹಳದಿ ಆಗ್ಯಾವೇನು ನೋಡ್ರಿ ಮೊದಲ," ಎಂದ. ಹಿಂದಿನ ಮೇಜಿನವನು ಮಲೇರಿಯಾ ಎಂದ. ಸಾಹೇಬರು ಮಾತ್ರ ಯಾವ ಕಾಯಿಲೆಯ ಹೆಸರನ್ನೂ ಹೇಳದೆ, ಅರ್ಧ ದಿನದ ರಜೆ ಎಂದಷ್ಟೇ ಹೇಳಿದರು. ಬಸವಪ್ರಭು ಮೆಟ್ಟಿಲಿಳಿದ ವೇಗಕ್ಕೆ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಸ್ವಾರಗೇಟಿನ ಬಸ್ಸು ಇಳಿದು ಇನ್ನೊಂದು ಬಸ್ಸು ಹತ್ತಿ ಶಾಲೆ ಮುಟ್ಟುವ ತನಕ, ಎಡಗಾಲನ್ನು ನೆಲಕ್ಕೆ ಒರೆಸುತ್ತ, ಪಟ್ಟಿ ಹರಿದ ಗಿರಣಿಯ ಹಾಗೆ ಸದ್ದು ಮಾಡುತ್ತ ನಡೆದ.

ಶಾಲೆಯ ಗೋಡೆಯ ಮೇಲೆ "ಖೇಳಾ, ಧಾವಾ, ನಿರೋಗೀ ರಾಹಾ" ಎಂದು ಬಣ್ಣದಲ್ಲಿ ಬರೆಸಿದ್ದರು. ಆಡಿರಿ, ಓಡಿರಿ, ನಿರೋಗಿಯಾಗಿರಿ. ಆ ಗೋಡೆಯ ಹಿಂದಿನ ಮೈದಾನದಲ್ಲಿ ಯಾರದೋ ಮದುವೆಯ ಮಂಟಪ ಎದ್ದಿತ್ತು. ಶಾಲೆಯ ಆಡಳಿತದವರು ಮೈದಾನವನ್ನು ಬಾಡಿಗೆಗೆ ಬಿಟ್ಟಿದ್ದರು. ಶ್ರಾವಣದಲ್ಲಿ ಮದುವೆ, ಆಮೇಲೆ ಸೀರೆಗಳ ಪ್ರದರ್ಶನ, ಅದಾದ ಮೇಲೆ ದಾಂಡಿಯಾ. ಮಕ್ಕಳಿಗೆ ಉಳಿದದ್ದು ಮೂತ್ರಿಮನೆಯ ಪಕ್ಕದ ಓಣಿ. ಅಲ್ಲಿ ಒಬ್ಬರ ಬಿಲ್ಲು ಇನ್ನೊಬ್ಬರ ಮೂಗಿಗೆ ತಾಗುವಷ್ಟು ಇಕ್ಕಟ್ಟಿನಲ್ಲಿ ಲೇಜೀಮ್ ನಡೆದಿತ್ತು. ಕವಾಯತಿನ ಶಿಕ್ಷಕಿ ಕೃಷ್ಣಾಬಾಯಿ ಕುರ್ಚಿಯಲ್ಲಿ ಕೂತು ಸೀಟಿ ಊದುತ್ತಿದ್ದರು.

ರೇಣು ಖಾಲಿ ವರ್ಗದಲ್ಲಿ ಕಿಟಕಿಯ ಪಕ್ಕದ ಬೆಂಚಿನ ಮೇಲಿದ್ದಳು. ಕಣ್ಣುಗಳು ಹಳದಿಯಾಗಿರಲಿಲ್ಲ, ಅತ್ತು ಕೆಂಪಾಗಿದ್ದವು. ಬೆಂಚಿನ ಕೆಳಗೆ ಮಾತ್ರ ಅವಳ ಎರಡೂ ಪಾದಗಳು ಹೊರಗಿನ ತಾಳಕ್ಕೆ ತಪ್ಪದೆ ಹೆಜ್ಜೆ ಹಾಕುತ್ತಿದ್ದವು.

"ಏನಾಗೇದವಾ ನಿನಗ?" ಬಸವಪ್ರಭು ಹಣೆ ಮುಟ್ಟಿ ನೋಡಿದ.

"ಏನೂ ಆಗಿಲ್ಲ. ನಾ ಜಾಡ ಇದ್ದೇನಂತ."

ಅವನಿಗೆ ಒಂದು ಕ್ಷಣ ನೆಮ್ಮದಿಯಾಯಿತು. ಎರಡನೇ ಕ್ಷಣಕ್ಕೆ ಆ ನೆಮ್ಮದಿಗೇ ನಾಚಿಕೆಯಾಯಿತು.

ಕೃಷ್ಣಾಬಾಯಿ ಕುರ್ಚಿ ಬಿಡದೆ ವಿವರಿಸಿದರು. ಅವರು ಸೊಲ್ಲಾಪುರದ ಕಡೆಯವರು; ಕನ್ನಡ ಬರುತ್ತಿತ್ತು, ಫೋನಿನಲ್ಲಿ ಮಾತ್ರ ಮರಾಠಿಯನ್ನೇ ಆಡಿದ್ದರು. "ನೋಡ್ರಿ, ಪಾಹುಣೆ ಬರೂದದ, ಅತಿಥಿಗೋಳು, ದೊಡ್ಡ ಮಂದಿ. ಸಾಲು ಒಂದs ನಮೂನಿ ಕಾಣಬೇಕು. ಈಕಿಗೆ ಉಸರ ಹತ್ತತದ, ನಡುವ ನಿಂದರತಾಳ. ಮನ್ಯಾಗ ಏನ ತಿನಸ್ತೀರಿ ಈಕಿಗೆ?"

"ಉಸರ ಹತ್ತತದ ಅಂದ್ರ ಮತ್ತಷ್ಟು ಆಡಸಬೇಕಲ್ರಿ, ಬಾಯಿ? ಕುಂಡರಿಸಿದ್ರ ಹೆಂಗ?"

"ಆಡಸೂದು ಮನೀ ಕೆಲಸ. ಸಂಜೀಕ ಕೆಳಗ ಬಿಡ್ರಿ, ಓಡಲಿ. ಕರದದ್ದು, ಬೇಕರೀದು ಬಂದ್ ಮಾಡ್ರಿ. ಮೈ ಇಳೀಲಿ, ಮುಂದಿನ ವರ್ಷ ತಗೋತೀನಿ."

ಮಗುವಿನ ಮೈ ಕರಗಿಸಲು ಇರುವ ಆಟವನ್ನು, ಮೈ ಕರಗಿಸಿಕೊಂಡು ಬಂದ ಮೇಲೆ ಕೊಡುತ್ತಾರಂತೆ. ಬಸವಪ್ರಭುವಿಗೆ ಇದನ್ನು ಹೇಳಬೇಕೆನಿಸಿತು. ಆದರೆ ಅವನು ಹನ್ನೊಂದು ವರ್ಷ ಸಾಹೇಬರ ಮುಂದೆ ನಿಂತು ನುಂಗುವುದನ್ನು ಕಲಿತವನು. ನುಂಗಿದ. ಅದೂ ಅಲ್ಲದೆ ಏನು ತಿನ್ನಿಸುತ್ತೀರಿ ಅನ್ನುವ ಪ್ರಶ್ನೆ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ದಿನಾ ಸಂಜೆ ಬಸ್ಸಿಳಿದ ಮೇಲೆ ವಡಾಪಾವಿನ ಗಾಡಿಯ ಮುಂದೆ ನಿಲ್ಲುತ್ತಿದ್ದವನು ಅವನೇ. ಮಗಳು ಬಾಗಿಲಿಗೆ ಬಂದು ಕಾಗದದ ಪೊಟ್ಟಣ ಮೂಸಿ ನಗುವುದನ್ನು ನೋಡಲು ಅವನು ಇಡೀ ದಿನ ಕಾಯುತ್ತಿದ್ದ. ಆಮೇಲೆ ಅವಳು ಟಿ.ವಿ. ಮುಂದೆ ಕೂರುತ್ತಿದ್ದಳು. ಬೇರೆಲ್ಲಿ ಕೂರಬೇಕು? ಕೆಳಗೆ ಬಿಡಿ ಅಂದರು ಕೃಷ್ಣಾಬಾಯಿ. ಕೆಳಗೆ ಬೀಗವಿತ್ತು.

ಸೊಸೈಟಿಯ ನಡುವೆ ಒಂದು ಮೈದಾನವಿತ್ತು. ಮನೆ ಮಾರುವಾಗ ಬಿಲ್ಡರು ಚಿತ್ರದಲ್ಲಿ ಜಾರುಬಂಡಿ, ಉಯ್ಯಾಲೆ ಬರೆಸಿ ತೋರಿಸಿದ್ದ ಮೈದಾನ. ಒಂದು ದಿನ ಹುಡುಗರ ಚೆಂಡು ಈರಬಸಪ್ಪನವರ ಮಾರುತಿ ಕಾರಿನ ಕನ್ನಡಿ ಒಡೆಯಿತು. ಮರುದಿನ ಮೈದಾನದ ಗೇಟಿಗೆ ಬೀಗ ಬಿತ್ತು. ಕನ್ನಡಿ ವಾರದಲ್ಲಿ ಹೊಸದಾಯಿತು. ಬೀಗ ಉಳಿಯಿತು. ಮೀಟಿಂಗಿನಲ್ಲಿ ಎಲ್ಲರೂ ಕೈಯೆತ್ತಿದ್ದರು, ಬಸವಪ್ರಭುವೂ ಎತ್ತಿದ್ದ. ಫೋನು ಅವರ ಮನೆಯದಲ್ಲವೇ.

"ನಡೀ ರೇಣು, ಇವತ್ತಿನಿಂದ ನಡಕೋತ ಹೋಗೂಣು," ಎಂದ.

ಅಪ್ಪ ಹರಿದ ಚಪ್ಪಲಿಯಲ್ಲಿ, ಮಗಳು ಪಾಟೀಚೀಲ ಹೊತ್ತು ನಡೆದರು. ವಡಾಪಾವಿನ ಗಾಡಿಯ ಮುಂದೆ ಬಸವಪ್ರಭು ಸಾಲ ಕೊಟ್ಟವನನ್ನು ಕಂಡವನಂತೆ ಮುಖ ಆ ಕಡೆ ತಿರುಗಿಸಿದ. ಮುಂದೆ ಒಬ್ಬ ಮುದುಕಿ ಪೇರಲ ಮಾರುತ್ತಿದ್ದಳು. ಎರಡು ಕೊಂಡು ಉಪ್ಪು-ಖಾರ ಹಚ್ಚಿಸಿದ.

"ಅಪ್ಪಾ, ಇದು ಡಾಯೆಟ್ ಏನು?"

"ಇದು ಪೇರಲ."

"ಹಂಗಾರ ಇನ್ನೊಂದ ಕೊಡಸ್ರಿ."

ಏರಿನಲ್ಲಿ ಅವಳಿಗೆ ಉಸಿರು ಹತ್ತಿತು. ನಿಂತಳು, ಸೊಂಟದ ಮೇಲೆ ಕೈಯಿಟ್ಟುಕೊಂಡು ಅಪ್ಪನ ಕಾಲು ನೋಡಿ, "ನಿಮ್ಮದೂ ಲೇಜೀಮ್‌ನಂಗs ಸಪ್ಪಳ ಮಾಡತದ," ಎಂದು ನಕ್ಕಳು. ಮತ್ತೆ ನಡೆದಳು. ಬಸವಪ್ರಭುವಿಗೆ ಬೆಳಗಿನಿಂದ ಮೊದಲ ಸಲ ಹಗುರವಾಯಿತು. ಇವತ್ತು ಏನಾದರಾಗಲಿ ಈರಬಸಪ್ಪನವರ ಹತ್ತಿರ ಬೀಗದ ಮಾತು ಎತ್ತಿಯೇಬಿಡುತ್ತೇನೆ ಅಂದುಕೊಂಡ. ಮಗಳಿಗೆ ಓಡಲು ಒಂದು ತುಂಡು ನೆಲ ಬೇಕು. ಅಷ್ಟೇ. ಅದಕ್ಕಿಂತ ಹೆಚ್ಚಿನದೇನನ್ನೂ ಅವನು ಯಾರಲ್ಲೂ ಕೇಳುತ್ತಿರಲಿಲ್ಲ.

ಮನೆಯ ಮೆಟ್ಟಿಲ ಮೇಲೆ ಚಪ್ಪಲಿಗಳು ಮಠದ ಬಾಗಿಲಲ್ಲಿ ಬಿದ್ದಂತೆ ಬಿದ್ದಿದ್ದವು. ಒಳಗೆ ಕಾಲಿಟ್ಟರೆ ಇಡೀ ಸೊಸೈಟಿ ಕೂತಿತ್ತು. ಜಡ್ಡಾದವರನ್ನು ಮಾತಾಡಿಸಲು ಬರಿಗೈಯಲ್ಲಿ ಹೋಗಬಾರದೆಂದು ಎಲ್ಲರ ಕೈಯಲ್ಲೂ ಒಂದೊಂದು ಡಬ್ಬಿ. ಕುಸುಮ ಶೇಂಗಾದ ಉಂಡಿ ತಂದಿದ್ದರು. ಬೀದಿಯ ಮೂಲೆಯಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ಲೋಕನಾಥ, ಹೆಂಡತಿ ಉಮಾವತಿಯ ಜೊತೆ ಬಿಸಿ ಬನ್ಸು, ಗೋಳಿಬಜೆಯ ಸ್ಟೀಲು ಡಬ್ಬಿ ಹಿಡಿದು ಬಂದಿದ್ದ. ಚನ್ನಬಸವ್ವ ತುಪ್ಪ ಸುರಿದ ಸಿಹಿ ಮಾದಲಿಯ ಬಟ್ಟಲನ್ನು ಕೈಯಲ್ಲೇ ಹಿಡಿದು ಬಾಗಿಲು ಕಾಯುತ್ತಿದ್ದಳು.

"ಅಯ್ಯ ನಮ್ಮವ್ವ! ಜಡ್ಡಿನ ಕೂಸನ್ನ ನಡಿಸಿಗೊಂತ ಬಂದಿಯೇನೋ, ರಿಕ್ಷಾ ಸತ್ತಿದ್ದವೇನೋ ಊರಾಗ?" ಎನ್ನುತ್ತ ಮೊಮ್ಮಗಳ ಹಣೆ ಮುಟ್ಟಿದಳು. ಏರು ಹತ್ತಿ ಬಂದ ಹುಡುಗಿಯ ಮೈ ಬಿಸಿಯಾಗಿತ್ತು, ಮುಖ ಕೆಂಪಾಗಿತ್ತು, ಬೆವರು ಇಳಿಯುತ್ತಿತ್ತು. "ಮೈ ಹೆಂಚಿನಂಗ ಕಾದೈತಿ! ಬರ್ರಿ, ಮುಟ್ಟಿ ನೋಡ್ರಿ!"

ಎಲ್ಲರೂ ಮುಟ್ಟಿ ನೋಡಿದರು.

"ಅವ್ವಾ, ಜಡ್ಡ ಅಲ್ಲಬೇ, ಜಾಡ!" ಬಸವಪ್ರಭು ಕೂಗಿದ.

"ಅದನ್ನs ನಾನೂ ಹೇಳಾಕತ್ತೇನಿ ಮುಂಜಾನಿಂದ. ಜಡ್ಡ!"

"ಜಡ್ಡ ಬ್ಯಾರೆ, ಜಾಡ ಬ್ಯಾರೆ! ಜಾಡ ಅಂದ್ರ..."

"ಜಾಡ್ಯ ಅಂದ್ರೆ ನಮ್ಮಲ್ಲಿ ಅದು ಸುಲಭದಲ್ಲಿ ಬಿಡುವ ಕಾಯಿಲೆ ಅಲ್ಲ ಮಾರಾಯ್ರೆ," ಎಂದ ಲೋಕನಾಥ, ದನಿ ತಗ್ಗಿಸಿ. "ನೀವು ಮಗುವಿನ ಎದುರು ಹಾಗೆಲ್ಲ ಹೆಸರು ಹೇಳುದು ಬೇಡ. ಮೊದ್ಲು ಅದಕ್ಕೆ ಎರಡು ಬನ್ಸು ಕೊಡಿ. ಬಾಯಿ ಕೆಟ್ಟಿರ್ತದೆ."

"ಬ್ಯಾಡ್ರಿ! ಕರದದ್ದು ಕೊಡಬ್ಯಾಡ್ರಿ ಆಕಿಗೆ!"

"ಅಪ್ಪಗ ಗಾಬರಿ ಆಗೇದ, ಪಾಪ," ಎಂದರು ಕುಸುಮ. "ಅವ್ರಿಗೂ ಒಂದ ಉಂಡಿ ಕೊಡ್ರಿ."

ಅವನ ಬಾಯಿಗೂ ಒಂದು ಉಂಡಿ ಬಿತ್ತು. ಮಾತು ಅಲ್ಲಿಗೆ ನಿಂತಿತು.

ಆಗ ಈರಬಸಪ್ಪನವರು ಬಂದರು. ಅಂಗಡಿಯಿಂದ ನೇರವಾಗಿ ಬಂದವರು, ಕರಿ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು ಹಾಸಿಗೆಯ ಪಕ್ಕ ನಿಂತರು. ಅಷ್ಟರಲ್ಲಿ ರೇಣುವಿಗೆ ರಗ್ಗು ಹೊದಿಸಿ, ಕಿವಿಗೆ ಸ್ಕಾರ್ಫು ಕಟ್ಟಿ, ಎರಡು ದಿಂಬಿನ ನಡುವೆ ಗಣಪತಿಯಂತೆ ಒರಗಿಸಿ ಆಗಿತ್ತು. ಜನ ಸೇರಿದಲ್ಲಿ ಭಾಷಣ ಮಾಡದಿದ್ದರೆ ಈರಬಸಪ್ಪನವರಿಗೆ ಉಂಡದ್ದು ಕರಗುತ್ತಿರಲಿಲ್ಲ.

"ಸೊಸೈಟಿ ಅಂದ್ರ ಒಂದ ಮನಿ ಇದ್ದಂಗ. ಈ ಕೂಸು ನಿಮ್ಮ ಕೂಸಲ್ಲ ಬಸವಪ್ರಭು, ನಮ್ಮೆಲ್ಲಾರ ಕೂಸು. ಏನ ಬೇಕ ಕೇಳವಾ ರೇಣು. ಏನ ಕೇಳ್ತಿ ಅದನ್ನ ಕೊಡತೇನಿ. ಈ ಈರಬಸಪ್ಪನ ಮಾತದು."

ರೇಣು ಬಾಯಲ್ಲಿದ್ದ ಮಾದಲಿಯನ್ನು ನಿಧಾನವಾಗಿ ನುಂಗಿದಳು.

"ಕೆಳಗ ಗ್ರೌಂಡಿನಾಗ ಹೋಗಬೇಕ್ರಿ, ಕಾಕಾ."

ಈರಬಸಪ್ಪನವರ ಕೈ ತಾನಾಗಿ ಸೊಂಟದ ಕೀಲಿಗೊಂಚಲಿನ ಮೇಲೆ ಹೋಗಿ ಅದನ್ನು ಮುಚ್ಚಿತು. "ಅಲ್ಲವಾ... ಬ್ಯಾರೆ ಏನರ ಕೇಳು. ಕೇಕು ತರಸಲೇನು? ಐಸ್ಕ್ರೀಮು?"

"ಗ್ರೌಂಡು."

"ಕಾಯಿಲೆ ಮಗು ಆಸೆಪಟ್ಟು ಕೇಳಿದ್ದಕ್ಕೆ ಇಲ್ಲ ಅನ್ಬೇಡಿ ಮಾರಾಯ್ರೆ," ಎಂದ ಲೋಕನಾಥ. ಹೆಂಗಸರು ಹೌದೆಂದರು. ಕುಸುಮ ಗಂಡನನ್ನು ನೋಡಿದ ನೋಟದಲ್ಲಿ, ಆ ಕೂಸಿಗೆ ಏನಾದರೂ ಆದರೆ ನಾಳೆ ನಿಮಗೆ ಊಟವಿಲ್ಲ ಎಂಬುದು ಸ್ಪಷ್ಟವಾಗಿತ್ತು.

ಅದೇ ಹೊತ್ತಿಗೆ ಬಸವಪ್ರಭುವಿನ ಬಾಯಲ್ಲಿದ್ದ ಉಂಡಿ ಕರಗಿ ಮುಗಿಯಿತು. ಈಗ ಸತ್ಯ ಹೇಳಲು ಬಾಯಿ ಖಾಲಿಯಿತ್ತು. ನನ್ನ ಮಗಳಿಗೆ ಯಾವ ಬೇನೆಯೂ ಇಲ್ಲ. ಅವಳಿಗೆ ಆಡಲು ಜಾಗವಿಲ್ಲ. ಆ ಜಾಗವನ್ನು ನೀವು ಕಿತ್ತುಕೊಂಡಿರಿ, ನಾನು ಕೈಯೆತ್ತಿದೆ. ಇಷ್ಟೂ ಮಾತುಗಳು ನಾಲಿಗೆಯ ತುದಿಗೆ ಬಂದು ನಿಂತವು. ಅವನು ಕೀಲಿಗೊಂಚಲನ್ನು ನೋಡಿದ. ಆಮೇಲೆ ತನ್ನ ದನಿ ತನಗೇ ಬೇರೆಯವರದೆಂಬಂತೆ ಕೇಳಿಸಿತು.

"ಹೌದ್ರಿ. ಭಾಳ ಜಡ್ಡ ಅದ."

ಮೆರವಣಿಗೆ ಕೆಳಗಿಳಿಯಿತು. ಬೀಗ ತುಕ್ಕು ಹಿಡಿದಿತ್ತು; ಉಮಾವತಿ ಮನೆಗೆ ಓಡಿ ಕೊಬ್ಬರಿ ಎಣ್ಣೆ ತಂದು ಬಿಟ್ಟಳು. ಗೇಟು ನರಳುತ್ತ ತೆರೆಯಿತು. ಸೊಸೈಟಿಯ ಮಕ್ಕಳೆಲ್ಲ ಎಲ್ಲಿದ್ದರೋ, ಒಂದೇ ಉಸಿರಿಗೆ ಬಂದು ಗೇಟಿನ ಮುಂದೆ ನಿಂತರು. ಲೋಕನಾಥನ ಮಗ ಸುದೀಪನ ಕೈಯಲ್ಲಿ ಆಗಲೇ ಚೆಂಡಿತ್ತು.

"ಹಿಂದ ಸರೀರಿ!" ಈರಬಸಪ್ಪನವರು ತೋಳು ಚಾಚಿ ಅಡ್ಡ ನಿಂತರು. "ಇದು ಜಡ್ಡಿದ್ದ ಕೂಸಿಗಷ್ಟ ತಗದದ್ದು. ಆಕಿ ಸಹಿತ ಓಡೂಹಂಗಿಲ್ಲ, ಜಿಗಿಯೂಹಂಗಿಲ್ಲ. ಕುರ್ಚಿ ತರ್ರಿ. ಗಾಳಿ ತಗೊಳ್ಳಲಿ. ಎದ್ದು ಓಡಿದಳು ಅಂದ್ರ ಜಡ್ಡ ವಾಸಿ ಆತು ಅಂತ ಅರ್ಥ. ಅವಾಗ ಬೀಗ ಹಾಕತೇನಿ."

ಕುರ್ಚಿ ಬಂತು. ಮೈದಾನದ ನಟ್ಟನಡುವೆ ಅದನ್ನಿಟ್ಟು, ರಗ್ಗಿನ ಸಮೇತ ರೇಣುವನ್ನು ಕೂರಿಸಿ, ತೊಡೆಯ ಮೇಲೆ ಬನ್ಸಿನ ತಟ್ಟೆ ಇಟ್ಟರು. ಬಸವಪ್ರಭು ಇದನ್ನೂ ನುಂಗಿಕೊಂಡ. ಬಾಗಿಲಾದರೂ ತೆರೆಯಿತಲ್ಲ, ಇವತ್ತು ಕೂರಲಿ, ನಾಳೆ ನಾಲ್ಕು ಹೆಜ್ಜೆ ಹಾಕಲಿ, ಬರಬರುತ್ತ ಓಡಲಿ ಎಂದು ತನಗೆ ತಾನೇ ಹೇಳಿಕೊಂಡ.

ಉಮಾವತಿ ಒಂದು ಕ್ಷಣ ರೇಣುವನ್ನು ನೋಡಿದಳು, ಒಂದು ಕ್ಷಣ ಗೇಟಿನಾಚೆಯ ಮಗನನ್ನು ನೋಡಿದಳು. "ನಮ್ಮ ಸುದೀಪನಿಗೂ ಬೆಳಿಗ್ಗೆಯಿಂದ ಗಂಟಲು ಕೆರೀತದೆ ಅಂತಿದ್ದ," ಎಂದಳು. ಸುದೀಪ ಕೂಡಲೇ ಕೆಮ್ಮಿದ.

ಈರಬಸಪ್ಪನವರು ಏನು ಹೇಳಬೇಕು? ಒಂದು ಜಡ್ಡಿಗೆ ತೆರೆದ ಗೇಟನ್ನು ಇನ್ನೊಂದು ಜಡ್ಡಿಗೆ ಮುಚ್ಚುವುದು ಹೇಗೆ? "ಕುರ್ಚಿ ತಗೊಂಡ ಬಾ," ಎಂದರು.

ಅಷ್ಟೇ ಸಾಕಾಯಿತು. ಒಬ್ಬಳ ಮಗಳಿಗೆ ತಲೆಶೂಲೆ, ಇನ್ನೊಬ್ಬಳ ಮಗನಿಗೆ ಹೊಟ್ಟೆನೋವು, ಮತ್ತೊಬ್ಬಳ ಅವಳಿಗಳಿಗೆ ಕೂಡಿಯೇ ಜ್ವರ. ಮನೆಮನೆಯಿಂದ ಕುರ್ಚಿಗಳು ಇಳಿದವು: ಕಬ್ಬಿಣದವು, ಬೆತ್ತದವು, ಹೋಟೆಲಿನ ಪ್ಲಾಸ್ಟಿಕ್ಕಿನವು. ಮಕ್ಕಳು ಸ್ಕಾರ್ಫು ಕಟ್ಟಿಸಿಕೊಂಡು, ಕಂಬಳಿ ಹೊದ್ದು, ಸಾಲು ಹಿಡಿದು ಕೂತರು. ಜಡ್ಡಿನ ಬಾಯಿಗೆ ರುಚಿ ಬೇಕೆಂದು ಎಲ್ಲರ ತೊಡೆಗೂ ತಟ್ಟೆ ಬಂತು. ಲೋಕನಾಥ ಹೋಟೆಲಿಗೆ ಹೇಳಿಕಳಿಸಿ ಇನ್ನೊಂದು ಡಬ್ಬಿ ಗೋಳಿಬಜೆ ತರಿಸಿದ. ಸ್ವಲ್ಪ ಹೊತ್ತಿನಲ್ಲಿ ಮೈದಾನದಲ್ಲಿ ಕುರ್ಚಿಯಿಲ್ಲದ ಜಾಗವೇ ಉಳಿಯಲಿಲ್ಲ. ಪುಣೆಯಲ್ಲಿ ಆ ಸಂಜೆ ಅಷ್ಟು ಮಕ್ಕಳಿದ್ದ ಅಷ್ಟು ನಿಶ್ಶಬ್ದದ ಮೈದಾನ ಇನ್ನೊಂದಿರಲಾರದು. ಅಗಿಯುವ ಸದ್ದೊಂದೇ ಕೇಳುತ್ತಿತ್ತು.

ಈರಬಸಪ್ಪನವರು ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ನೋಡಿದರು. ಅವರ ಮುಖ ಅರಳಿತು. ಚೆಂಡಿಲ್ಲ, ಕೂಗಿಲ್ಲ, ಕಾರಿನ ಕನ್ನಡಿಗೆ ಅಪಾಯವಿಲ್ಲ. "ಎಷ್ಟ ಚಂದ ಕುಂತಾವ ನೋಡ್ರಿ ಬಸವಪ್ರಭು! ದಿನಾ ಹಿಂಗs ಮಾಡೂಣು. ಮಕ್ಕಳಿಗೆ ಮೈದಾನ ಇಲ್ಲ ಅಂತ ಇನ್ನ ಮ್ಯಾಲೆ ಯಾರೂ ಅನ್ನೂಹಂಗಿಲ್ಲ."

ನಡುವಿನ ಕುರ್ಚಿಯಲ್ಲಿ ರೇಣು ಕಿವಿಯ ಸ್ಕಾರ್ಫು ಬಿಚ್ಚಿದಳು. ಬನ್ಸಿನ ತಟ್ಟೆಯನ್ನು ನೆಲಕ್ಕಿಟ್ಟಳು. ರಗ್ಗನ್ನು ಕುರ್ಚಿಯ ಬೆನ್ನಿಗೆ ಹಾಕಿ ಎದ್ದು ನಿಂತಳು.

"ಏ, ಏ! ಕೂಡ್ರವಾ!" ಈರಬಸಪ್ಪನವರ ಕೈ ಮತ್ತೆ ಕೀಲಿಗೊಂಚಲಿಗೆ ಹೋಯಿತು. "ಬಸವಪ್ರಭು, ಕೂಸಿಗೆ ಹೇಳ್ರಿ. ಆಕಿ ಓಡಿದ್ಲು ಅಂದ್ರ ಎಲ್ಲಾರನ್ನೂ ಹೊರಗ ಹಾಕಿ ಬೀಗ ಜಡಿಯಾಂವ ನಾನು."

ಸುತ್ತಲಿನ ತಾಯಂದಿರೆಲ್ಲ ಬಸವಪ್ರಭುವಿನ ಕಡೆ ತಿರುಗಿದರು. ಚನ್ನಬಸವ್ವ ಅತ್ತ ಮಾದಲಿಯ ಬಟ್ಟಲು ಹಿಡಿದು ನಿಂತಿದ್ದಳು. ಅವನು ಕುರ್ಚಿಗಳ ಸಂದಿನಲ್ಲಿ ನುಸುಳಿ ಮಗಳ ಹತ್ತಿರ ಹೋದ. ಬಗ್ಗಿ ಅವಳ ಎರಡೂ ಭುಜ ಹಿಡಿದ.

"ನಮ್ಮವ್ವ ಅಲ್ಲಾ ನೀ? ಹೇಳಿದ್ದ ಕೇಳು. ಓಡಬ್ಯಾಡ. ಒಂದಿಷ್ಟ ಹೊತ್ತು, ರೇಣು. ಕೂಡ್ರು."

ರೇಣು ಅಪ್ಪನ ಮುಖವನ್ನು ನೋಡಿದಳು. ಒಂದೊಂದಾಗಿ ಅವನ ಕೈಗಳನ್ನು ಭುಜದಿಂದ ತೆಗೆದಳು.

"ಕೂಡ್ರೂದಿಲ್ಲ," ಎಂದಳು.